ಎರವಲು ಕೋಟು

ನ್ಯೂಯಾರ್ಕಿನಲ್ಲಿ ಒಂದು ಶ್ರೀಮಂತರ ಪಾರ್ಟಿ. ಒಬ್ಬ ಹುಡುಗ ಪಿಯಾನೋ ನುಡಿಸ್ತಿದ್ದಾನೆ. ಅವನು ತೊಟ್ಟಿರೋದು ಪ್ರಿನ್ಸ್‌ಟನ್ ಯೂನಿವರ್ಸಿಟಿಯ ಕೋಟು. ಆದರೆ ಅದು ಅವನದಲ್ಲ, ಆ ದಿನದ ಮಟ್ಟಿಗೆ ಎರವಲು ತಂದಿದ್ದು. ಹಡಗು ಕಂಪನಿಯ ಮಾಲೀಕನೊಬ್ಬ ಆ ಕೋಟು ನೋಡಿ, ಇವನೂ ನನ್ನ ಮಗ ಡಿಕಿ ಜೊತೆ ಓದಿದವನು ಅಂದ್ಕೊಳ್ತಾನೆ. 'ಇಲ್ಲ ಸಾರ್, ಕೋಟು ನಂದಲ್ಲ' ಅಂದುಬಿಟ್ಟಿದ್ದರೆ ಸಿನಿಮಾ ಅಲ್ಲಿಗೇ ಮುಗೀತಿತ್ತು. ಹುಡುಗ ಹಾಗನ್ನಲ್ಲ. ಬದಲಿಗೆ, ಡಿಕಿ ಹೇಗಿದ್ದಾನೆ ಅಂತ ವಿಚಾರಿಸ್ತಾನೆ.

1999ರಲ್ಲಿ ಆಂಥನಿ ಮಿಂಘೆಲ್ಲಾ ನಿರ್ದೇಶಿಸಿದ 'ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ' ಶುರುವಾಗೋದು ಹೀಗೆ. ಪೆಟ್ರೀಷಿಯಾ ಹೈಸ್ಮಿತ್ 1955ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ. ಆ ಮಾಲೀಕ ಒಂದು ಸಾವಿರ ಡಾಲರ್ ಕೊಟ್ಟು, ಇಟಲಿಯಲ್ಲಿ ಮಜಾ ಮಾಡ್ಕೊಂಡಿರೋ ಮಗನನ್ನ ವಾಪಸ್ ಕರ್ಕೊಂಡು ಬಾ ಅಂತ ಟಾಮ್ ರಿಪ್ಲಿಯನ್ನ ಕಳಿಸ್ತಾನೆ. ಟಾಮ್ ಡಿಕಿಯನ್ನ ವಾಪಸ್ ಕರ್ಕೊಂಡು ಬರಲ್ಲ. ತಾನೇ ಡಿಕಿ ಆಗಿಬಿಡೋಕೆ ನೋಡ್ತಾನೆ. ನಡುವೆ ಕೊಲೆಗಳಿವೆ. ನೋಡದೇ ಇರೋರಿಗೆ ಅಷ್ಟು ಸಾಕು, ಪೂರ್ತಿ ಹೇಳಲ್ಲ.

ನಾನು ಇದನ್ನ ಮೊದಲ ಸಲ ನೋಡಿದ್ದು ಬೆಂಗಳೂರಿನ ಪಿ.ಜಿ. ರೂಮಿನಲ್ಲಿ, ಒಂದು ಭಾನುವಾರ ರಾತ್ರಿ. ನೀಲಿ ಸಮುದ್ರ, ಬಿಳಿ ಅಂಗಿ, ಜಾಝ್ ಸಂಗೀತ. ಡಿಕಿಯಾಗಿರೋ ಜೂಡ್ ಲಾ ಬಿಸಿಲಲ್ಲಿ ನಡೆದು ಬಂದರೆ ನಮಗೂ ಅಂಥದ್ದೊಂದು ಜೀವನ ಬೇಕು ಅನ್ಸುತ್ತೆ. ಈ ಚೆಲುವನ್ನ ಸುಮ್ಮನೆ ಅಲಂಕಾರಕ್ಕೆ ಇಟ್ಟಿಲ್ಲ. ಅದು ನಮಗೂ ಹಾಕಿದ ಗಾಳ. ಟಾಮ್ ಸಿಕ್ಕಿಬೀಳಬೇಕು ಅನ್ನೋ ಬದಲು, ಅಯ್ಯೋ ಸಿಕ್ಕಿಬೀಳದಿರಲಪ್ಪಾ ಅಂತ ಉಗುರು ಕಚ್ಕೊಂಡು ಕೂತಿರ್ತೀವಿ. ಇದೇ ಕಾದಂಬರಿಯನ್ನ 1960ರಲ್ಲಿ ಫ್ರೆಂಚ್ ನಿರ್ದೇಶಕ ರೆನೆ ಕ್ಲೆಮೆಂಟ್ ಸಿನಿಮಾ ಮಾಡಿದಾಗ ಅಲೆನ್ ಡೆಲಾನ್ ರಿಪ್ಲಿ ಆಗಿದ್ದ. ಅವನು ಎಷ್ಟು ಚೆಂದ ಅಂದ್ರೆ, ಇನ್ನೊಬ್ಬನಾಗೋ ಆಸೆ ಅವನಿಗ್ಯಾಕೆ ಅನ್ಸುತ್ತೆ. ಮ್ಯಾಟ್ ಡೇಮನ್ ಹಾಗಲ್ಲ. ದಪ್ಪ ಕನ್ನಡಕ, ಎಲ್ಲಿ ಕೈ ಇಟ್ಕೋಬೇಕು ಅಂತ ಗೊತ್ತಾಗದ ಸಂಕೋಚ. ಆಫೀಸಿನ ಮೊದಲ ದಿನದ ನಾನೇ.

ನಮ್ಮೂರು ಪಾಂಡವಪುರ. ಬೆಂಗಳೂರಲ್ಲಿ ನಮ್ಮ ಕಡೆಯ ಹುಡುಗರನ್ನ 'ಯಾವೂರು' ಅಂತ ಕೇಳಿ ನೋಡಿ. ಕೆ.ಆರ್. ಪೇಟೆಯವನು ಮೈಸೂರು ಅಂತಾನೆ. ನಾಗಮಂಗಲದ ನನ್ನ ರೂಮ್‌ಮೇಟ್ 'ಇಲ್ಲೇ, ಬೆಂಗಳೂರು ಪಕ್ಕ' ಅಂತಿದ್ದ. ಶ್ರೀರಂಗಪಟ್ಟಣದವರಿಗೆ ಮಾತ್ರ ಈ ಕಷ್ಟ ಇಲ್ಲ, ಟಿಪ್ಪು ಪುಣ್ಯದಿಂದ ಆ ಊರು ಎಲ್ಲರಿಗೂ ಗೊತ್ತು. ನಾನು ಕೆಲಸಕ್ಕೆ ಸೇರಿದ ವಾರ ಟೀಮ್ ಲೀಡ್, 'ನೀವು ಮೈಸೂರಲ್ವಾ?' ಅಂದ್ರು. ನಾನು ಹೂಂ ಅಂದೆ. ಅಷ್ಟೇ. ದೊಡ್ಡ ಸುಳ್ಳೇನಲ್ಲ, ರೈಲು ಹತ್ತಿದರೆ ಮೈಸೂರು ದೂರವೂ ಅಲ್ಲ. ಆಮೇಲೆ ಆ ಹೂಂ ಉಳಿಸಿಕೊಳ್ಳೋ ಕೆಲಸ ಶುರುವಾಯ್ತು. 'ಬತ್ತೀನಿ' ಹೋಗಿ 'ಬರ್ತೀನಿ' ಆಯ್ತು, 'ವಸಿ' ಹೋಗಿ 'ಸ್ವಲ್ಪ' ಆಯ್ತು. ಡಿಕಿಗೆ ಜಾಝ್ ಇಷ್ಟ ಅಂತ ಟಾಮ್ ಕಣ್ಣಿಗೆ ಬಟ್ಟೆ ಕಟ್ಕೊಂಡು ರೆಕಾರ್ಡ್ ಕೇಳಿ, ನುಡಿಸಿದ್ದು ಯಾರು ಅಂತ ಹೇಳೋದನ್ನ ಅಭ್ಯಾಸ ಮಾಡ್ತಾನಲ್ಲ, ಹಾಗೆ ನಾನೂ ಕಾಫಿ ಹೆಸರುಗಳನ್ನ ಬಾಯಿಪಾಠ ಮಾಡಿದೆ.

ಆ ಭಾನುವಾರಕ್ಕೆ ಮೂರು ವಾರ ಮೊದಲು ಅಪ್ಪ ಹೇಳದೇ ಕೇಳದೇ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಚೀಲ, ಅದರಲ್ಲಿ ಆಲೆಮನೆ ಬೆಲ್ಲ. ರಿಸೆಪ್ಷನ್ ಹತ್ರ ನಿಂತು, 'ಯಾಕ್ಲಾ ಮಗ, ಇಷ್ಟೊಂದು ಸೊರಗೋಗಿದ್ದೀಯ' ಅಂದ್ರು, ಗದ್ದೆಬದುವಲ್ಲಿ ಕೂಗೋ ದನಿಯಲ್ಲಿ. ಅಷ್ಟೊತ್ತಿಗೆ ಟೀಮ್ ಲೀಡ್ ಬಂದು, ಇವರು ಯಾರು ಅಂತ ಕೇಳಿದ್ರು.

'ಊರ ಕಡೆಯವರು' ಅಂದೆ.

ಅಪ್ಪ ನನ್ನ ಮುಖ ನೋಡಲಿಲ್ಲ. ಟೀಮ್ ಲೀಡ್ ಕಡೆ ತಿರುಗಿ, 'ಊಂ ಸಾ, ಊರೋರು. ಇವರಪ್ಪ ಬೆಲ್ಲ ಕೊಟ್ಟು ಕಳ್ಸಿದ್ರು' ಅಂದ್ರು. ಅಷ್ಟು ಸಲೀಸಾಗಿ. ನಾನು ತಿಂಗಳುಗಟ್ಟಲೆ ರಿಹರ್ಸಲ್ ಮಾಡಿದ್ದನ್ನ ಅಪ್ಪ ಒಂದೇ ಉಸಿರಲ್ಲಿ ಮಾಡಿ ಮುಗಿಸಿದರು, ನನಗೋಸ್ಕರ.

ಸಿನಿಮಾದಲ್ಲಿ ಫ್ರೆಡ್ಡಿ ಅಂತ ಡಿಕಿಯ ಶ್ರೀಮಂತ ಗೆಳೆಯನೊಬ್ಬ ಬರ್ತಾನೆ. ಫಿಲಿಪ್ ಸೀಮೋರ್ ಹಾಫ್‌ಮನ್ ಆ ಪಾತ್ರ ಮಾಡಿರೋ ರೀತಿಗೇ ಸಿನಿಮಾ ಇನ್ನೊಂದು ಸಲ ನೋಡಬಹುದು. ರೋಮ್‌ನ ಮನೆಗೆ ಬಂದು ಒಂದೊಂದೇ ವಸ್ತು ನೋಡ್ತಾ, ಇದು ಡಿಕಿಯ ರುಚಿ ಅಲ್ಲವಲ್ಲ ಅಂತ ಮೂಸಿ ಹಿಡೀತಾನೆ. ಆ ದೃಶ್ಯ ಬಂದಾಗ ನನ್ನ ಬೆನ್ನು ಬೆವರಿತು. ಕೊಲೆಯ ದೃಶ್ಯಕ್ಕೆ ಅಷ್ಟು ಹೆದರಿರಲಿಲ್ಲ. ಈ ಸಿನಿಮಾದಲ್ಲಿ ಭಯ ಹುಟ್ಟಿಸೋದು ರಕ್ತ ಅಲ್ಲ, ಆ ಮೊದಲನೇ ಹೂಂ. ಅದನ್ನ ಕಾಪಾಡೋಕೆ ಇನ್ನೊಂದು, ಅದಕ್ಕೆ ಮತ್ತೊಂದು. ಕೊನೆಗೆ ಅವನನ್ನ ನಿಜವಾಗಿ ಪ್ರೀತಿಸಿದವರೇ ಅಡ್ಡಿಯಾಗಿ ಕಾಣ್ತಾರೆ. ಕೊನೆಯ ದೃಶ್ಯದಲ್ಲಿ ಟಾಮ್ ಹಡಗಿನ ಕೋಣೆಯಲ್ಲಿ ಒಬ್ಬನೇ ಕೂತಿರ್ತಾನೆ. ಪೊಲೀಸರು ಹಿಡಿದಿದ್ದರೇ ಚೆನ್ನಾಗಿತ್ತು ಅನ್ಸುತ್ತೆ.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿದೆ. 'ಅಪ್ಪಾ, ಅವತ್ತು ಆಫೀಸಲ್ಲಿ...' ಅಂದೆ. 'ಬೆಲ್ಲ ಎಂಗಿತ್ಲಾ?' ಅಂದ್ರು. ಚೆನ್ನಾಗಿತ್ತು ಅಂದೆ. 'ಮತ್ತೆ ಬಿಡು ಅತ್ಲಾಗೆ.'

ಈಗ ಯಾರಾದ್ರೂ ಕೇಳಿದರೆ ಪಾಂಡವಪುರ ಅಂತೀನಿ. ನಮ್ಮೂರೇ ಹೆಸರು ಬದಲಾಯಿಸಿಕೊಂಡ ಊರು, ಮೊದಲು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದಕ್ಕೆ ಬ್ರಿಟಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಗಿತ್ತು ಅಂತ ಕಥೆ ಬೇರೆ ಹೇಳ್ತೀನಿ. ಟೀಮ್ ಲೀಡ್‌ಗೂ ಒಂದು ದಿನ ನಿಜ ಹೇಳಿದೆ. ಅವರು ನಕ್ಕು ಸುಮ್ಮನಾದರು.

ಅಪ್ಪನಿಗೆ ಮಾತ್ರ, ಆಫೀಸಿಗೆ ಇನ್ನೊಂದ್ಸಲ ಬನ್ನಿ, ಕ್ಯಾಂಟೀನಲ್ಲಿ ಊಟ ಮಾಡೋಣ ಅಂತ ಎಷ್ಟು ಸಲ ಕರೆದರೂ 'ಕಬ್ಬು ಕಡಿಯೋದೈತೆ ಕನ್ಲಾ' ಅಂತಾರೆ. ವರ್ಷಪೂರ್ತಿ ಯಾರೂ ಕಬ್ಬು ಕಡಿಯಲ್ಲ ಅನ್ನೋದು ನನಗೂ ಗೊತ್ತು.