ಗೋಕಾಕದಲ್ಲಿ ಒಂದು ರಾತ್ರಿ

ಯಮಕನಮರಡಿಯಿಂದ ಗೋಕಾಕಕ್ಕೆ ನಾವು ಎಷ್ಟೋ ಸಲ ಹೋಗಿದ್ದೇವೆ, ಎಲ್ಲವೂ ಸುದ್ದಿಗಾಗಿ. ನೆರೆ ಬಂತು, ಫಾಲ್ಸ್‌ನಲ್ಲಿ ಯಾರೋ ಕಾಲು ಜಾರಿದರು ಅಂದರೆ ಬೈಕ್ ಹತ್ತುವುದು, ಫೋಟೊ ಕಳಿಸಿ ವಾಪಸ್. ಈ ಸಲ ಅವ್ವನನ್ನು ಕರೆದುಕೊಂಡು ಒಂದು ರಾತ್ರಿ ಉಳಿಯೋಣ ಅಂತ ಲೆಕ್ಕ ಹಾಕುತ್ತ ಕೂತೆವು.

ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ. ಮಳೆಗಾಲದಲ್ಲಿ ಹಿಡಕಲ್ ಡ್ಯಾಂನಿಂದ ನೀರು ಹೆಚ್ಚು ಬಿಟ್ಟರೆ ಘಟಪ್ರಭೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಲೋಳಸೂರ ಸೇತುವೆಯೇ ಮುಳುಗಿ, ಗೋಕಾಕದೊಳಗೆ ನೀರು ನುಗ್ಗಿತ್ತು. ಅವ್ವನಿಗೆ ಮೊಣಕಾಲು ನೋವು, ಬಿಪಿ ಗುಳಿಗೆ ಬೇರೆ. ಹೋಗುವುದೇನೋ ಹೋಗಬಹುದು, ದಾರಿ ಬಂದ್ ಆದರೆ ಮನೆಗೆ ಬರುವುದು ಹೇಗೆ? ಅದಕ್ಕೇ ಸೆಪ್ಟೆಂಬರ್ ಕೊನೆ ಅಂತ ಇಟ್ಟುಕೊಂಡೆವು. ನೀರು ಸ್ವಲ್ಪ ಕಡಿಮೆ ಇದ್ದರೂ ಇರಲಿ.

ಅವ್ವನಿಗೆ ಫಾಲ್ಸ್‌ಗಿಂತ ಗಿರಣಿ ನೋಡುವ ಆಸೆ. ಸುಮಾರು 170 ಅಡಿ ಬೀಳುವ ಆ ನೀರಿನ ಬಲದಿಂದಲೇ 1887ರಲ್ಲಿ ನೂಲಿನ ಗಿರಣಿ ತಿರುಗಿತು. ಪೋರ್ಚುಗಲ್ ದೇಶದ ಪೋರ್ಟೊ ಕೂಡ ಹಿಂಗೇ ಗುಡ್ಡ, ಹೊಳೆ ಇರುವ ಊರು. ಅಲ್ಲಿನ ಹೆಸರಾಂತ ಕಬ್ಬಿಣದ ಸೇತುವೆ ಶುರುವಾದದ್ದು 1886ರಲ್ಲಿ. ಅದನ್ನು ನೋಡಲು ಜನ ವಿಮಾನ ಹತ್ತಿ ಹೋಗಿ ಎರಡು ಮೂರು ದಿನ ಉಳಿಯುತ್ತಾರೆ. ನಮ್ಮಲ್ಲಿ ಮಧ್ಯಾಹ್ನ ಬಂದು, ಸೆಲ್ಫಿ ತೆಗೆದು, ಸಂಜೆಗೆ ಹೊರಟುಬಿಡುತ್ತಾರೆ.

ರೂಮು ಊರೊಳಗೆ, ಮೆಟ್ಟಿಲು ಹತ್ತುವ ಕೆಲಸ ಇಲ್ಲದ್ದು. ಬೆಳಿಗ್ಗೆ ಬೇಗ ಫಾಲ್ಸ್, ಅಲ್ಲೇ ಮಹಾಲಿಂಗೇಶ್ವರ ಗುಡಿ. ತೂಗುಸೇತುವೆ ಅವ್ವನಿಗೆ ಬೇಡ. ಬಂಡೆ ಅಂಚಿಗೆ ನಾವೂ ಹೋಗುವುದಿಲ್ಲ, ಅಲ್ಲಿನ ಸುದ್ದಿ ಬರೆದು ಸಾಕಾಗಿದೆ. ಗೊಡಚಿನಮಲ್ಕಿ ಈ ಸಲ ಬಿಟ್ಟೆವು. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ.

"ಕರದಂಟು ನಾ ಆರಿಸ್ತೀನಿ, ನೀ ರೊಕ್ಕ ಕೊಡು" ಅಂತ ಅವ್ವ ಈಗಲೇ ಹೇಳಿದ್ದಾಳೆ.