ಚಕ್ರಿ ಎಂಬ ಮಾತು

ಎದುರಿಲ್ಲದ ಅರಸನನ್ನು ಹೆಸರಿಸಲು ಸಾಮ್ರಾಟ, ಸಾರ್ವಭೌಮ, ಚಕ್ರವರ್ತಿ ಎಂಬ ಮಾತುಗಳು ಎಲ್ಲರಿಗೂ ಪರಿಚಿತವಾದವು. ಹಳಗನ್ನಡ ಕವಿಗಳಿಗೆ ಪ್ರಿಯವಾದ 'ಚಕ್ರಿ' ಎಂಬ ಎರಡಕ್ಷರದ ಶಬ್ದವಾದರೋ ಈಗ ನಿಘಂಟಿನ ಪಾಲಾಗಿದೆ. ಚಕ್ರವುಳ್ಳವನು ಎಂಬುದಷ್ಟೇ ಅದರ ಮೂಲಾರ್ಥ. ಆದಕಾರಣ ವಿಷ್ಣುವಿಗೆ ಸಲ್ಲುವ ಈ ಹೆಸರು ಸಂಸ್ಕೃತದಲ್ಲಿ ಕುಂಬಾರನಿಗೂ ಗಾಣಿಗನಿಗೂ ಸಲ್ಲುತ್ತದೆ! ಅರಸರು ಇದನ್ನು ಅಷ್ಟಾಗಿ ನೆನೆದಿರಲಾರರು.

ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ಭರತನೇ ಚಕ್ರಿ. ಆರು ಖಂಡಗಳ ನೆಲವನ್ನು ಗೆದ್ದು ಆತನು ವೃಷಭಾಚಲಕ್ಕೆ ಬರುತ್ತಾನೆ. ತನ್ನ ಪ್ರಶಸ್ತಿಯನ್ನು ಕೆತ್ತಿಸಬೇಕೆಂದರೆ ಬಂಡೆಯಲ್ಲಿ ಬೆರಳಿಡುವಷ್ಟು ತೆರಹಿಲ್ಲ; ಹಿಂದಣ ಚಕ್ರಿಗಳ ಹೆಸರುಗಳಿಂದ ಅದು ತುಂಬಿಹೋಗಿದೆ. ಒಬ್ಬನ ಹೆಸರನ್ನು ಅಳಿಸಿಯೇ ತನ್ನದನ್ನು ಬರೆಯಿಸಬೇಕು. ಆಗ ಕುಗ್ಗಿದ ಗರ್ವವು ಅಯೋಧ್ಯೆಯ ಬಾಗಿಲಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಬರುತ್ತದೆ. ಲೋಕವನ್ನೆಲ್ಲ ಸುತ್ತಿದ ಚಕ್ರವು ಸ್ವಂತ ಊರನ್ನು ಹೊಗಲೊಲ್ಲದು, ತಮ್ಮಂದಿರು ಇನ್ನೂ ತಲೆಬಾಗಿಲ್ಲವಾಗಿ. ಮೂರು ಯುದ್ಧಗಳಲ್ಲಿ ಸೋತು ಕೊನೆಗೆ ಅದನ್ನು ಬಾಹುಬಲಿಯ ಮೇಲೆ ಪ್ರಯೋಗಿಸಿದರೆ, ಅದು ಆತನನ್ನು ಬಲಗೊಂಡು ಸುಮ್ಮನೆ ನಿಲ್ಲುತ್ತದೆ. ಹೆಸರಿಗೆ ಚಕ್ರಿ, ಚಕ್ರವು ಮಾತ್ರ ಸ್ವಾಧೀನದಲ್ಲಿಲ್ಲ.

ಕವಿರಾಜಮಾರ್ಗವು ತಿರುಳ್ಗನ್ನಡದ ಊರುಗಳಲ್ಲಿ ಎಣಿಸಿದ ಕೊಪಣನಗರವು ಜೈನರ ಮಹಾತೀರ್ಥವೂ ಆಗಿದ್ದಿತು. ಇಲ್ಲಿಯ ಬಸದಿಗಳಿಗೆ ಬಂದವರಿಗೆ ಈ ಕಥೆ ಹೊಸದಾಗಿರಲಾರದು. ಮುಂದೆ ಆ ಬಿರುದು ಅರಸರ ಕೈಯಿಂದಲೂ ಜಾರಿತು. ರನ್ನನು ಕವಿಚಕ್ರವರ್ತಿಯಾದನು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಯಲಬುರ್ಗೆಯ ಸೀಮೆಯ ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನವು 'ದೇವಾಲಯಚಕ್ರವರ್ತಿ' ಎಂದು ಕರೆಯಿತು. ಒಡೆಯನ ಬಿರುದಾವಳಿಯೇನೂ ಚಿಕ್ಕದಲ್ಲ. ಸಮಸ್ತಭುವನಾಶ್ರಯ ಮೊದಲ್ಗೊಂಡು ಪರಮಭಟ್ಟಾರಕನವರೆಗೆ ಉಸಿರು ಕಟ್ಟುವಷ್ಟಿದೆ. ಆದರೂ ಇಂದು ಇಟಗಿಗೆ ಹೋದವರ ಬಾಯಲ್ಲಿ ಉಳಿದಿರುವುದು ಗುಡಿಯ ಬಿರುದೇ. ಇದೇ ನಾಡಿನಲ್ಲಿ 1948ರವರೆಗೆ ನಿಜಾಮರನ್ನು ಆಲಾಹಜರತ್ ಎನ್ನುತ್ತಿದ್ದರು. ಆ ಮಾತನ್ನು ಈಗ ಹಿರಿಯರಿಗೂ ನೆನಪಿಸಿ ಕೊಡಬೇಕಾಗಿದೆ.

ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳಲ್ಲಿ ಅಶೋಕನ ಶಾಸನಗಳಿವೆ. ಇವರೆಲ್ಲರಿಗಿಂತ ಹೆಚ್ಚಿನ ನೆಲವನ್ನಾಳಿದ ಆತನು ತನ್ನ ಯಾವ ಶಾಸನದಲ್ಲಿಯೂ ಚಕ್ರವರ್ತಿಯೆಂದು ಹೇಳಿಕೊಂಡಿಲ್ಲ; ದೇವಾನಾಂಪ್ರಿಯ, ದೇವರಿಗೆ ಬೇಕಾದವನು, ಎಂದಿಷ್ಟೇ. ಆ ಹೆಸರಿಗೂ ಕಾಲವು ದಯೆ ತೋರಲಿಲ್ಲ. ಮುಂದಿನ ಸಂಸ್ಕೃತ ವೈಯಾಕರಣರ ಕೈಯಲ್ಲಿ 'ದೇವಾನಾಂಪ್ರಿಯ' ಎಂದರೆ ಮೂರ್ಖನೆಂದು ಅರ್ಥವಾಯಿತು.