ಕೃತಜ್ಞತೆಯ ಪುಟ

ಮಹಾಪ್ರಬಂಧದ ಅಧ್ಯಾಯಗಳೆಲ್ಲ ಮುಗಿದ ಮೇಲೆ ಆಕೆ ಕೃತಜ್ಞತೆಯ ಪುಟವನ್ನು ಬರೆಯಲು ಕುಳಿತಳು. ಮಾರ್ಗದರ್ಶಕರು, ವಿಭಾಗ, ಗ್ರಂಥಾಲಯ – ಈ ಹೆಸರುಗಳು ಸಲೀಸಾಗಿ ಬಂದವು. ಅನಂತರ ಲೇಖನಿ ತಡೆಯಿತು. ಉಳಿದವರನ್ನು ಯಾವ ಪದವಿಯಿಂದ ಕರೆಯುವುದು?

ಆಕೆ ಕುಂಬಳೆ ಸೀಮೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತವಳು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದ ಮೊದಲ ಹೆಣ್ಣು. ಗಡಿನಾಡಿನ ಸ್ಥಳನಾಮಗಳ ಕುರಿತು ಸಂಶೋಧನೆಗೆ ತೊಡಗಿದ ನಾಲ್ಕನೆಯ ವರ್ಷದಲ್ಲಿ ಮಗು ಹುಟ್ಟಿತು. ಹಗಲೆಲ್ಲ ಅಡಿಕೆ ಸುಲಿಯುವ ಗಡಿಬಿಡಿ, ಇರುಳೆಲ್ಲ ಮಗುವಿನ ಅಳು. ಟಿಪ್ಪಣಿಗಳ ಕಟ್ಟು ಅಟ್ಟ ಸೇರಿತು. ಆರು ವರ್ಷಗಳ ಗಡುವು ಮೀರಿದರೆ ಎಲ್ಲವೂ ವ್ಯರ್ಥವೆಂದು ಬಗೆದು, ಸಂಶೋಧನೆಯನ್ನು ಕೈಬಿಡುವ ಪತ್ರವನ್ನೂ ಬರೆದಿಟ್ಟಳು.

ಪತ್ರವನ್ನು ತಡೆದವರು ಮೊದಲೇ ಪಿಎಚ್‌ಡಿ ಪಡೆದಿದ್ದ ನೆರೆಯೂರಿನ ಅಧ್ಯಾಪಿಕೆ. "ನಿಯಮವನ್ನು ಓದಿದ್ದೀಯಾ ತಂಗಿ?" ಎಂದು ಅವರು ಕೇಳಿದರು. ಯುಜಿಸಿಯ 2022ರ ನಿಯಮಾವಳಿಯಂತೆ ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯುಂಟು. ಮಹಿಳೆಯರಿಗೆ ಅವಧಿಯಲ್ಲಿ 2 ವರ್ಷಗಳ ಹೆಚ್ಚುವರಿ ಸಡಿಲಿಕೆಯೂ ಉಂಟು. ಅದುವರೆಗೆ ಯಾರೂ ಇದನ್ನು ಆಕೆಗೆ ತಿಳಿಸಿರಲಿಲ್ಲ.

ನಿಯಮವು ವರ್ಷಗಳನ್ನು ಕೊಟ್ಟಿತು. ಬರೆಯಲು ಬೇಕಾದ ಗಂಟೆಗಳನ್ನು ಮಾತ್ರ ಮನುಷ್ಯರೇ ಕೊಡಬೇಕಾಯಿತು.

ಪ್ರತಿ ಶನಿವಾರ ಅಧ್ಯಾಪಿಕೆಯ ಮನೆಯ ಜಗಲಿಯಲ್ಲಿ ನಾಲ್ವರು ಸಂಶೋಧನಾರ್ಥಿನಿಯರು ಸೇರುತ್ತಿದ್ದರು. ಸರದಿಯಂತೆ ಒಬ್ಬಳು ಮಕ್ಕಳನ್ನು ನೋಡಿಕೊಂಡರೆ ಉಳಿದವರು ಪರಸ್ಪರರ ಬರಹಗಳನ್ನು ಓದಿ ತಿದ್ದುತ್ತಿದ್ದರು. ಮಲಯಾಳ ಬಲ್ಲ ಗೆಳತಿ ಪಂಚಾಯತಿನ ಕಡತಗಳನ್ನು ಓದಿ ಹೇಳಿದಳು. ಮತ್ತೊಬ್ಬಳು ಕ್ಷೇತ್ರಕಾರ್ಯಕ್ಕೆ ಜೊತೆಯಾಗಿ ಬಸ್ಸು ಹತ್ತಿದಳು.

ಮನೆಯಲ್ಲಿ ಅತ್ತೆ ಮೊದಮೊದಲು "ಇಷ್ಟು ಓದಿ ಏನಾಗಬೇಕು?" ಎನ್ನುತ್ತಿದ್ದರು. ಒಂದು ಸಂಜೆ ಸೊಸೆ ಹೆಸರುಗಳ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅವರು ನಡುವೆ ತಡೆದರು: "ಅದು ನನ್ನ ತವರಿನ ಬಯಲು. ಹೆಸರು ಹಾಗಲ್ಲ ಮಗಳೇ, ತಪ್ಪು ಬರೆದಿದ್ದೀ." ಆ ಬಯಲಿನ ಗದ್ದೆಗದ್ದೆಯ ಹೆಸರನ್ನೂ ಅವರೇ ಹೇಳಿ ಬರೆಯಿಸಿದರು. ಮರುದಿನದಿಂದ ಬೆಳಗಿನ ಎರಡು ಗಂಟೆ ಮಗು ಅಜ್ಜಿಯ ಮಡಿಲಲ್ಲಿತ್ತು.

ಕೃತಜ್ಞತೆಯ ಪುಟದಲ್ಲಿ ಈಗ ಅತ್ತೆಯ ಹೆಸರಿದೆ; ಶಾಲೆಯ ಮೆಟ್ಟಿಲನ್ನೇ ಹತ್ತದ ಅವರಿಗೆ ಮೊಮ್ಮಗು ಮುಂದೊಂದು ದಿನ ಅದನ್ನು ಓದಿ ಹೇಳಬೇಕು.

ಪ್ರಬಂಧ ಸಲ್ಲಿಸಿದ ವಾರವೇ ಹಳೆಯ ಶಾಲೆಯ ಹುಡುಗಿಯೊಬ್ಬಳ ಕರೆ ಬಂತು: "ಅಕ್ಕಾ, ಸಂಶೋಧನೆಗೆ ಸೀಟು ಸಿಕ್ಕಿದೆ. ಮದುವೆಯೂ ನಿಶ್ಚಯವಾಗಿದೆ. ಸೇರುವುದೋ ಬಿಡುವುದೋ?"

"ಸೇರು," ಎಂದಳು ಆಕೆ. "ಶನಿವಾರ ಜಗಲಿಗೆ ಬಾ. ನಿನ್ನ ಅಮ್ಮನನ್ನೂ ಕರೆದುಕೊಂಡು ಬಾ."